ಗಿಟಾರಿನ ಜೊತೆ ಊರೂರು ತಿರುಗಿದ ಷರೀಫರ ಹಾಡು



ಇತಿಹಾಸ ಎಂದ ಕೂಡಲೇ ನಮ್ಮ ಮಕ್ಕಳು ಚೋಳರು, ಪಾಂಡ್ಯರು, ಪಲ್ಲವರು ಎಂದು ಹೆಸರು ಒಪ್ಪಿಸುತ್ತಾರೆ. ನಮ್ಮದು ತಮಿಳುನಾಡಿನ ಪಠ್ಯಕ್ರಮ, ಕನ್ನಡದಲ್ಲಿ ಅಚ್ಚಾದ ಪುಸ್ತಕ. ಆದ್ದರಿಂದ ಅದು ಸಹಜವೇ. ಆದರೆ ಹಾಡಿಗೂ ಒಂದು ಇತಿಹಾಸವಿದೆ, ಹಾಡುವವರಿಗೂ ಇದೆ. ಅದನ್ನು ತರಗತಿಯಲ್ಲಿ ಹೇಳಲು ನಮಗೆ ಸಮಯ ಸಿಗುವುದು ಕಡಿಮೆ. ಪರೀಕ್ಷೆಗೆ ಬರುವುದಿಲ್ಲವಲ್ಲ! ಈ ಸಲ ಅಂಥದೊಂದು ಇತಿಹಾಸವನ್ನು, ಅದೂ ತೀರ ಇತ್ತೀಚಿನದನ್ನು, ಇಲ್ಲಿ ಬರೆಯಬೇಕೆಂದಿದ್ದೇವೆ. 2005ರಿಂದ 2011ರವರೆಗಿನ ಆರೇಳು ವರ್ಷಗಳಲ್ಲಿ, ಮೈಸೂರಿನಲ್ಲಿ ಬೆಳೆದ ಯುವಕನೊಬ್ಬ ಕಟ್ಟಿದ ಸಂಗೀತ ತಂಡವು ಶಿಶುನಾಳ ಷರೀಫರ ಹಾಡುಗಳನ್ನು ವೇದಿಕೆಯಿಂದ ವೇದಿಕೆಗೆ ಹೊತ್ತುಕೊಂಡು ಹೋಗಿ ಕೊನೆಗೆ ಇಂಗ್ಲೆಂಡಿನ ಬಯಲಿನಲ್ಲಿ ಹಾಡಿದ ಕಥೆ ಇದು.

ಬೆಂಗಳೂರು, ಲಂಡನ್‌ಗಳ ಈ ಕಥೆ ತಾಳವಾಡಿ ಮಲೆಯವರಿಗೆ ಏಕೆ ಎಂದು ಕೇಳಬಹುದು. ಕಾರಣ ಇದೆ. ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಏಳನೆಯ, ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಮಕ್ಕಳು ಒಂದು ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. "ಕನ್ನಡ ಓದಿ ಏನು ಸಿಕ್ತದೆ ಸಾರ್?" ಮಕ್ಕಳಿಗಿಂತ ಜೋರಾಗಿ ಅವರ ತಂದೆ ತಾಯಿಯರೇ ಕೇಳುತ್ತಾರೆ. 2006ರಲ್ಲಿ ತಮಿಳು ಕಲಿಕಾ ಕಾಯ್ದೆ ಬಂದು ಒಂದನೆಯ ತರಗತಿಯಿಂದಲೇ ತಮಿಳು ಕಡ್ಡಾಯವಾಗುತ್ತ ಬಂದ ಮೇಲೆ ಈ ಪ್ರಶ್ನೆ ಇನ್ನೂ ಗಟ್ಟಿಯಾಯಿತು. ತಮಿಳು ನಮ್ಮ ಮಕ್ಕಳಿಗೆ ಬೇಕಾದ ಭಾಷೆಯೇ, ಅದರಲ್ಲಿ ಎರಡು ಮಾತಿಲ್ಲ. ಈರೋಡಿಗೆ, ಸತ್ಯಮಂಗಲಕ್ಕೆ ಕೆಲಸಕ್ಕೆ ಹೋಗುವವರು ಅದಿಲ್ಲದೆ ಬದುಕುವುದು ಹೇಗೆ? ಆದರೆ ಕನ್ನಡ ಎಂದರೆ ಗಡಿ ದಾಟಿದರೆ ಯಾರಿಗೂ ಅರ್ಥವಾಗದ, ಯಾರಿಗೂ ಬೇಡದ ಮಾತು ಎಂದು ಮಕ್ಕಳು ತಿಳಿದುಕೊಂಡರೆ ಅದು ಸುಳ್ಳು. ಆ ಸುಳ್ಳಿಗೆ ಉತ್ತರ ಕೊಡಲು ಈ ತಂಡದ ಕಥೆ ನಮಗೆ ಒದಗಿ ಬಂದಿದೆ.

ರಘು ದೀಕ್ಷಿತ್ ಹುಟ್ಟಿದ್ದು 1974ರಲ್ಲಿ, ಮಹಾರಾಷ್ಟ್ರದ ನಾಸಿಕದಲ್ಲಿ. ಬೆಳೆದದ್ದು ಮೈಸೂರಿನ ಸಂಪ್ರದಾಯಸ್ಥ ಮನೆಯಲ್ಲಿ. ಗೆಜ್ಜೆ ಕಟ್ಟಿ ಭರತನಾಟ್ಯ ಕಲಿತ ಹುಡುಗ. ಓದಿನಲ್ಲಿಯೂ ಮುಂದು, ಸೂಕ್ಷ್ಮಜೀವಿ ಶಾಸ್ತ್ರದ ಸ್ನಾತಕೋತ್ತರ ಪದವಿಯಲ್ಲಿ ಚಿನ್ನದ ಪದಕ. ಕಾಲೇಜಿನಲ್ಲಿ ಸಹಪಾಠಿಯೊಬ್ಬ ನಾಟ್ಯವನ್ನು ಹೀಯಾಳಿಸಿ ಪಂಥ ಹಾಕಿದ್ದಕ್ಕೆ ಗಿಟಾರು ಕೈಗೆತ್ತಿಕೊಂಡರಂತೆ. ನಾವು ಮೇಷ್ಟ್ರುಗಳು ಇಂಥ ಪಂಥಗಳನ್ನು ದಿನಾ ನೋಡುತ್ತೇವೆ, ಹೆಚ್ಚಿನವು ಬೈಗುಳದಲ್ಲಿ ಮುಗಿಯುತ್ತವೆ. ಇದೊಂದು ಹಾಡಿನಲ್ಲಿ ಮುಗಿಯಿತು. ಕೆಲಸದ ಮೇಲೆ ಬೆಲ್ಜಿಯಂ ದೇಶಕ್ಕೆ ಹೋಗಿ ಬಂದರು. ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಅವರ ಜೊತೆ 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ಅದು ಚದುರಿದ ಮೇಲೆ 2005ರ ಸುಮಾರಿಗೆ 'ರಘು ದೀಕ್ಷಿತ್ ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ ಮತ್ತೆ ಆರಂಭಿಸಿದರು. ಪ್ರಾಜೆಕ್ಟ್ ಎಂದು ಹೆಸರಿಡಲು ಕಾರಣ, ಅದು ಬಾಗಿಲು ತೆರೆದಿಟ್ಟ ಮನೆಯಂತೆ ಇರಲಿ, ಯಾವ ಕಲಾವಿದರಾದರೂ ಬಂದು ಸೇರಿ ಹಾಡಲಿ, ನುಡಿಸಲಿ ಎಂಬುದು.

ಇವರನ್ನು 'ಇಂಡಿ' ತಂಡ ಎಂದು ಕರೆಯುತ್ತಾರೆ. ಇಂಡಿ ಎಂದರೆ ಸ್ವತಂತ್ರ ಎಂದು ಅರ್ಥ. ಸಿನಿಮಾದ ನಿರ್ಮಾಪಕ ಇಲ್ಲ, ಹಣ ಹಾಕುವ ದೊಡ್ಡ ಕಂಪನಿ ಇಲ್ಲ. ತಾವೇ ಹಾಡು ಕಟ್ಟಿ, ತಾವೇ ಪೆಟ್ಟಿಗೆ ಹೊತ್ತು, ಕರೆದಲ್ಲಿಗೆ ಹೋಗಿ ಹಾಡುವುದು. ಆ ಕಾಲದಲ್ಲಿ ಕನ್ನಡದ ಹಾಡು ಜನರ ಕಿವಿಗೆ ಮುಟ್ಟಲು ಎರಡೇ ಹೆದ್ದಾರಿ ಇದ್ದವು. ಒಂದು ಸಿನಿಮಾ, ಇನ್ನೊಂದು ಭಾವಗೀತೆಯ ಕ್ಯಾಸೆಟ್ಟು. ಜಾನಪದಕ್ಕೆ ಜಾತ್ರೆ, ಉತ್ಸವ, ಸರ್ಕಾರಿ ಕಾರ್ಯಕ್ರಮ. ಈ ಹುಡುಗರ ಹಾಡು ಈ ಯಾವ ಕಪಾಟಿನಲ್ಲಿಯೂ ಹಿಡಿಯಲಿಲ್ಲ. ಮಾತು ಷರೀಫರದು, ಜೊತೆಗೆ ಗಿಟಾರು, ಡ್ರಮ್ಸು, ಪಿಟೀಲು. ಕಂಪನಿಗಳು ವರ್ಷಗಟ್ಟಲೆ ಇವರನ್ನು ಬಾಗಿಲಿನಿಂದಲೇ ಕಳುಹಿಸಿದವು. ಹಾಗಾಗಿ ಉಳಿದದ್ದು ಒಂದೇ ದಾರಿ, ಜನರ ಎದುರು ನಿಂತು ಹಾಡುವುದು.

ಇಲ್ಲಿ ಷರೀಫರ ಬಗ್ಗೆ ಎರಡು ಮಾತು ಹೇಳದಿದ್ದರೆ ಕಥೆ ಮುಂದೆ ಹೋಗದು. 1819ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ ಹುಟ್ಟಿದ ಷರೀಫರು 1889ರಲ್ಲಿ ತೀರಿಕೊಂಡರು. ಮುಸ್ಲಿಂ ಮನೆತನದಲ್ಲಿ ಹುಟ್ಟಿ ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದವರು. ಓದುಗರಲ್ಲಿ ಶಿಕ್ಷಕರಾಗಿರುವವರು ಗಮನಿಸಬೇಕಾದ ಸಂಗತಿ ಒಂದಿದೆ. ಅವರೂ ಕೆಲ ಕಾಲ ಕನ್ನಡ ಶಾಲೆಯ ಮೇಷ್ಟ್ರಾಗಿದ್ದರು, ಮುಲ್ಕಿ ಪರೀಕ್ಷೆ ಮುಗಿಸಿ! ಪಾಠ ಮಾಡುವವರಿಗೆ ಇರುವ ಒಂದು ಗುಣ ಅವರ ಪದಗಳಲ್ಲಿ ಎದ್ದು ಕಾಣುತ್ತದೆ. ದೊಡ್ಡ ವಿಷಯವನ್ನು ಮನೆಯ ಸಾಮಾನಿನಿಂದ ವಿವರಿಸುವುದು. ಹೊಗೆ ಸೇದುವ ಗುಡುಗುಡಿ, ಸೋರುವ ಮಾಳಿಗೆ, ಕೋಡಗವನ್ನು ನುಂಗುವ ಕೋಳಿ. ದೇಹ, ಅಜ್ಞಾನ, ಮಾಯೆ ಎಂದೆಲ್ಲ ಭಾರವಾದ ಮಾತು ಆಡದೆ, ಅಡುಗೆ ಮನೆಯಿಂದ ಅಂಗಳದವರೆಗೆ ಕಣ್ಣಿಗೆ ಬಿದ್ದದ್ದರಲ್ಲೇ ತತ್ವ ಹೇಳಿಬಿಟ್ಟರು.

ಅವರ ಪದಗಳು ಭಜನಾ ಮಂಡಳಿಗಳಲ್ಲಿ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಾಯಿಂದ ಬಾಯಿಗೆ ಹರಿದು ಬಂದವು. ಅವನ್ನು ಕನ್ನಡನಾಡಿನ ಎಲ್ಲ ಮನೆಗಳಿಗೆ ಮುಟ್ಟಿಸಿದವರು ಗಾಯಕ ಸಿ. ಅಶ್ವಥ್. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಷರೀಫ' ಸಿನಿಮಾ ಬಂತು. ಅಶ್ವಥ್ ಅವರ ಕಂಚಿನ ಕಂಠವಿಲ್ಲದೆ ಆ ಪದಗಳನ್ನು ಊಹಿಸುವುದೇ ಕಷ್ಟ ಎನ್ನುವಂತಾಯಿತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು 'ಕನ್ನಡವೇ ಸತ್ಯ' ಎಂಬ ಕಾರ್ಯಕ್ರಮ ಮಾಡಿದಾಗ ಸೇರಿದ ಜನಸಾಗರವನ್ನು ಇಂದಿಗೂ ನೆನೆಯುವವರಿದ್ದಾರೆ. ಸಿನಿಮಾ ತಾರೆಯರಿಲ್ಲದೆ, ಕವಿಗಳ ಮಾತನ್ನು ಕೇಳಲು ಅಷ್ಟು ಜನ! ಅದೇ ವರ್ಷವೇ ರಘು ದೀಕ್ಷಿತರ ತಂಡ ಹೊಸ ಹೆಸರಿನಲ್ಲಿ ಹೊರಟದ್ದು ಎಂಬುದು ಕಾಕತಾಳೀಯ ಇರಬಹುದು. ಆದರೂ ಇತಿಹಾಸ ಪಾಠ ಮಾಡುವವರಿಗೆ ಇಂಥ ಕಾಕತಾಳೀಯಗಳು ಬಲು ಪ್ರಿಯ. 2009ರ ಡಿಸೆಂಬರಿನಲ್ಲಿ ಅಶ್ವಥ್ ತೀರಿಕೊಂಡರು.

ಅಶ್ವಥ್ ಅವರ ಎದುರು ಕುಳಿತವರಿಗೆ ಕನ್ನಡ ಬರುತ್ತಿತ್ತು. ರಘು ದೀಕ್ಷಿತರ ಎದುರು ನಿಂತವರಲ್ಲಿ ಹೆಚ್ಚಿನವರಿಗೆ ಬರುತ್ತಿರಲಿಲ್ಲ. ಬೆಂಗಳೂರಿನ ಕಾಲೇಜು ಹಬ್ಬಗಳು, ಕಂಪನಿಗಳ ಸಮಾರಂಭಗಳು, ಮುಂಬೈಯ ಕ್ಲಬ್ಬುಗಳು. ಹಿಂದಿಯವರು, ಬಂಗಾಳಿಗಳು, ಮಲಯಾಳಿಗಳು, ತಮಿಳರು. ಅಲ್ಲಿ ಷರೀಫರ ಪದವನ್ನು ಹಾಡಿ ಜನರನ್ನು ಹಿಡಿದು ನಿಲ್ಲಿಸುವುದು ಹೇಗೆ? ಈ ತಂಡದ ಕಾರ್ಯಕ್ರಮಗಳ ದೃಶ್ಯಗಳನ್ನು ನಾವು ಮಕ್ಕಳ ಜೊತೆ ಕೂತು ಹಲವು ಸಲ ನೋಡಿದ್ದೇವೆ. ಅಲ್ಲಿನ ವಿಧಾನ ತರಗತಿಯ ಪಾಠಕ್ಕೆ ತೀರ ಹತ್ತಿರ. ಮೊದಲು ಕಥೆ. ಈ ಹಾಡು ಬರೆದ ಅಜ್ಜ ಯಾರು, ಗುಡುಗುಡಿ ಎಂದರೆ ಏನು, ಅದರೊಳಗೆ ತುಂಬಬೇಕಾದದ್ದು ಏನು ಎಂದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ನಾಲ್ಕು ಮಾತು, ನಡುವೆ ಒಂದು ನಗೆ. ಆಮೇಲೆ ಪಲ್ಲವಿಯ ಒಂದು ತುಂಡನ್ನು ಸಭೆಗೆ ಹೇಳಿಕೊಡುವುದು. ಎಡಗಡೆಯವರು ಒಮ್ಮೆ, ಬಲಗಡೆಯವರು ಒಮ್ಮೆ. ಆಮೇಲೆ ಹಾಡು ಶುರು. ಐದು ನಿಮಿಷದಲ್ಲಿ ಕನ್ನಡದ ಗಂಧವಿಲ್ಲದ ಸಾವಿರ ಜನ ಕನ್ನಡದಲ್ಲಿ ಕೂಗುತ್ತಿರುತ್ತಾರೆ, ಕುಣಿಯುತ್ತಿರುತ್ತಾರೆ. ಹಾಡು ಮಾತ್ರ ಕನ್ನಡದಲ್ಲೇ, ಅದನ್ನು ಅವರು ಅನುವಾದ ಮಾಡಲಿಲ್ಲ. ಇದನ್ನು ನಾವು ಬಹಳ ದೊಡ್ಡ ಸಂಗತಿ ಎಂದು ಎಣಿಸುತ್ತೇವೆ.

ಉಡುಪನ್ನೂ ಗಮನಿಸಬೇಕು. ಬಣ್ಣ ಬಣ್ಣದ ಪಂಚೆ, ಕಾಲಿಗೆ ಗೆಜ್ಜೆ. ಗಿಟಾರು ಹಿಡಿದವನು ಜೀನ್ಸ್ ತೊಟ್ಟಿರಬೇಕು ಎಂಬ ಕಟ್ಟಳೆ ಆವರೆಗೂ ಇತ್ತು. ಇವರು ಪಂಚೆ ಎತ್ತಿ ಕಟ್ಟಿ ಕುಪ್ಪಳಿಸಿದರು. ಭರತನಾಟ್ಯದ ಗೆಜ್ಜೆ ಹೀಗೆ ವಾಪಸ್ಸು ಬಂತು ನೋಡಿ, ಪಂಥ ಹಾಕಿದ ಆ ಸಹಪಾಠಿ ಎಲ್ಲಿದ್ದಾನೋ!

ಮುಂಬೈಯಲ್ಲಿ ಇವರ ಕಾರ್ಯಕ್ರಮ ಕೇಳಿದ ಹಿಂದಿ ಸಿನಿಮಾ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಮೆಚ್ಚಿ, ತಮ್ಮದೇ ಸಂಸ್ಥೆಯಿಂದ 2008ರಲ್ಲಿ ತಂಡದ ಮೊದಲ ಧ್ವನಿಮುದ್ರಿಕೆ ಹೊರತಂದರು. ಅದರಲ್ಲಿ ಎಂಟು ಹಾಡು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಗುಡುಗುಡಿಯ ಪದ ಮತ್ತು ಸೋರುವ ಮಾಳಿಗೆಯ ಪದ, ಹೀಗೆ ಷರೀಫರವು ಎರಡು. ಕ್ರಮವನ್ನು ಗಮನಿಸಿ. ಸಾಮಾನ್ಯವಾಗಿ ಮೊದಲು ಕ್ಯಾಸೆಟ್ಟು, ಅದು ಗೆದ್ದರೆ ಆಮೇಲೆ ವೇದಿಕೆ. ಇಲ್ಲಿ ಎಲ್ಲ ಹಿಂದುಮುಂದು. ವೇದಿಕೆಯ ಮೇಲೆ ನೂರಾರು ಸಲ ಹಾಡಿ, ಯಾವ ಕಡೆ ಜನ ಚಪ್ಪಾಳೆ ತಟ್ಟುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂದು ತಿಳಿದುಕೊಂಡ ಮೇಲೆ ಹಾಡು ಡಿಸ್ಕಿಗೆ ಇಳಿಯಿತು.

ಮುಂದಿನದು ವೇಗವಾಗಿ ನಡೆಯಿತು. 2010ರಲ್ಲಿ ಇಂಗ್ಲೆಂಡಿನ ಬಿಬಿಸಿ ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಪ್ರಸಿದ್ಧ ಸಂಗೀತ ಕಾರ್ಯಕ್ರಮಕ್ಕೆ ಕರೆ ಬಂತು. ಒಂದೇ ಕೋಣೆಯಲ್ಲಿ ಸುತ್ತಲೂ ಹಲವು ತಂಡಗಳು, ಒಬ್ಬರ ನಂತರ ಒಬ್ಬರು ಹಾಡಬೇಕು, ತಪ್ಪಿದರೆ ಜಗತ್ತೆಲ್ಲ ನೋಡುತ್ತದೆ. ಆ ಒಂದು ಕಾರ್ಯಕ್ರಮದ ಬಲದಿಂದ ಎರಡು ವರ್ಷ ಹಳೆಯ ಧ್ವನಿಮುದ್ರಿಕೆ ಅಲ್ಲಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ತುದಿಗೆ ಏರಿತು. 2011ರಲ್ಲಿ ಗ್ಲಾಸ್ಟನ್‌ಬರಿ ಎಂಬ ಭಾರೀ ಸಂಗೀತೋತ್ಸವ. ಹೊಲ ಗದ್ದೆಗಳ ನಡುವೆ ಡೇರೆ ಹೊಡೆದು, ಮಳೆ ಬಂದರೆ ಕೆಸರಿನಲ್ಲೇ ನಿಂತು ಲಕ್ಷಾಂತರ ಜನ ಕೇಳುವ ಜಾತ್ರೆ ಅದು. ನಮ್ಮ ಗುಮಟಾಪುರದ ಗೋರೆ ಹಬ್ಬದಲ್ಲಿ ಸಗಣಿ ಎರಚಾಡಿ ಬೆಳೆದ ಮಕ್ಕಳಿಗೆ ಆ ಕೆಸರು ಹೊಸತಲ್ಲ ಬಿಡಿ. ಅದೇ ವರ್ಷ 'ಸಾಂಗ್‌ಲೈನ್ಸ್' ಪತ್ರಿಕೆಯ ಅತ್ಯುತ್ತಮ ಹೊಸ ಕಲಾವಿದ ಪ್ರಶಸ್ತಿಯೂ ಬಂತು. ಶಿಶುನಾಳದ ಕನ್ನಡ ಮೇಷ್ಟ್ರು ತೀರಿಕೊಂಡು 122 ವರ್ಷ ಆಗಿತ್ತು.

ಇದೇ ಕಾಲದ ಇನ್ನೊಂದು ತಂಡವನ್ನೂ ಹೇಳಬೇಕು. 'ಸ್ವರಾತ್ಮ'. ರಘು ದೀಕ್ಷಿತರ ತಮ್ಮ ವಾಸು ದೀಕ್ಷಿತ್ ಇದರ ಮುಖ್ಯ ಗಾಯಕರು. ರೇಡಿಯೋ ಸಿಟಿ ನಡೆಸಿದ ತಂಡಗಳ ಸ್ಪರ್ಧೆಯಲ್ಲಿ 2006ರಲ್ಲಿ ಗೆದ್ದು ಬೆಳಕಿಗೆ ಬಂದರು, 2009ರಲ್ಲಿ ಮೊದಲ ಧ್ವನಿಮುದ್ರಿಕೆ, ಅದೇ ವರ್ಷ ಇಂಗ್ಲೆಂಡ್ ಪ್ರವಾಸ. ವಾಸು ಅವರು ವೇದಿಕೆಗೆ ಬರುವಾಗ ಸೊಂಟಕ್ಕೆ ಆಟದ ಕುದುರೆ ಕಟ್ಟಿಕೊಂಡು ಕುಣಿದು ಬರುವುದುಂಟು, ನಮ್ಮ ಜಾತ್ರೆಗಳ ಕೀಲುಕುದುರೆಯ ಹಾಗೆ. ತಮಿಳಿನಲ್ಲಿ ಇದಕ್ಕೆ ಪೊಯ್ಕಾಲ್ ಕುದಿರೈ ಎನ್ನುತ್ತಾರೆ. ಎರಡೂ ಕಡೆಯ ಕುಣಿತ ಕಂಡ ನಮ್ಮ ಮಕ್ಕಳಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಈ ತಂಡದ 'ಪ್ಯಾಸಿ' ಎಂಬ ಹಿಂದಿ ಹಾಡು ಕಾವೇರಿ ಜಗಳದ ಬಗ್ಗೆ. ಎರಡು ರಾಜ್ಯಗಳು ಕಿತ್ತಾಡುವಾಗ ನದಿಗೆ ಏನನ್ನಿಸುತ್ತದೆ ಎಂದು ನದಿಯ ಬಾಯಲ್ಲೇ ಹೇಳಿಸಿದ್ದಾರೆ. 1991ರ ಡಿಸೆಂಬರನ್ನು ಕಂಡ ಗಡಿಯವರಿಗೆ ಆ ಹಾಡು ಹೇಗೆ ತಟ್ಟುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಆಗ ನಾವು ಇಲ್ಲಿ ತಮಿಳರಿಗೆ ಕನ್ನಡಿಗರು, ಅಲ್ಲಿ ಕನ್ನಡಿಗರಿಗೆ ತಮಿಳುನಾಡಿನವರು.

ಈಗ ನಮ್ಮ ಮಲೆಗೆ ಬರೋಣ. ಏಕೆಂದರೆ ಮೇಲೆ ಹೇಳಿದ ವಿದ್ಯೆ, ಅಂದರೆ ಕಥೆ ಹೇಳುವುದು, ಪಲ್ಲವಿ ಎತ್ತಿಕೊಡುವುದು, ಕೇಳುವವರನ್ನೂ ಹಾಡಿಸುವುದು, ಇದು ಬೆಂಗಳೂರಿನಲ್ಲಿ ಹುಟ್ಟಿದ್ದಲ್ಲ.

ಮಲೆ ಮಾದೇಶ್ವರ ಬೆಟ್ಟ ಈಗ ಕರ್ನಾಟಕದ ಚಾಮರಾಜನಗರ ಜಿಲ್ಲೆಯಲ್ಲಿದೆ, ತಾಳವಾಡಿ ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದೆ. ಆದರೆ 1956ರ ನವೆಂಬರ್ 1ರವರೆಗೆ ಮಾದಪ್ಪನ ಬೆಟ್ಟ ಇರುವ ಕೊಳ್ಳೇಗಾಲ ತಾಲೂಕೂ ನಮ್ಮ ತಾಳವಾಡಿಯೂ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು ಎಂಬುದು ನಮ್ಮ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ರಾಜ್ಯಗಳ ಮರುವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಮದರಾಸಿನಲ್ಲಿ ಉಳಿದೆವು. ಜಿಲ್ಲೆ ಒಡೆದು 1979ರಲ್ಲಿ ಈರೋಡ್ ಕಡೆಗೆ ಬಂದೆವು. ಗಡಿ ಗೆರೆ ಬಿದ್ದದ್ದು ಕಾಗದದ ಮೇಲೆ. ಮಾದಪ್ಪನಿಗೆ ಹರಕೆ ಹೊತ್ತವರು ಅಮಾವಾಸ್ಯೆಗೆ, ಶಿವರಾತ್ರಿಗೆ, ಯುಗಾದಿಗೆ ಇಂದಿಗೂ ಈ ಕಡೆಯಿಂದ ಹೋಗುತ್ತಾರೆ. ತಮಿಳು ಮಾತಾಡುವ ಭಕ್ತರೂ ಕಡಿಮೆಯೇನಿಲ್ಲ.

ಆ ಮಾದಪ್ಪನ ಕಥೆಯನ್ನು ಹಾಡುವವರು ದೇವರಗುಡ್ಡರು. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಇನ್ನೊಂದು ತಾಳ. ಅದೇ ಕಂಸಾಳೆ. ಮುಮ್ಮೇಳದವನು ಕಥೆ ಎತ್ತುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಒಂದೊಂದು ಭಾಗಕ್ಕೆ 'ಸಾಲು' ಎಂದು ಹೆಸರು. ಶ್ರವಣಾಸುರನ ಸಾಲು, ಸಂಕಮ್ಮನ ಸಾಲು, ಸರಗೂರಯ್ಯನ ಸಾಲು, ಹೀಗೆ. ಸಂಕಮ್ಮನ ಸಾಲು ಸೋಲಿಗರ ಹೆಣ್ಣಿನ ಕಥೆ. ಜೇನು ಕೀಳಲು ಹೊರಟ ಗಂಡ ಹೆಂಡತಿಯ ಮೇಲೆ ಅನುಮಾನಪಟ್ಟು ಭಾಷೆ ಕೇಳುತ್ತಾನೆ, ಅವಳು ಒಪ್ಪುವುದಿಲ್ಲ. ಇಡೀ ರಾತ್ರಿ ನಡೆಯುವ ಈ ಹಾಡಿಕೆಯಲ್ಲಿ ಮುಮ್ಮೇಳದವನು ಹಾಡು ನಿಲ್ಲಿಸಿ ಮಾತಿಗೆ ಇಳಿಯುತ್ತಾನೆ, ಎದುರು ಕುಳಿತವರನ್ನೇ ಕೆಣಕುತ್ತಾನೆ, ತೂಕಡಿಸುವವರನ್ನು ಹಾಸ್ಯ ಮಾಡಿ ಎಬ್ಬಿಸುತ್ತಾನೆ, ಮತ್ತೆ ಪಲ್ಲವಿಗೆ ಮರಳುತ್ತಾನೆ. ಕೇಳುವವರು ಉಘೇ ಎಂದು ದನಿಗೂಡಿಸಬೇಕು. ಸುಮ್ಮನೆ ಕೂತು ಕೇಳುವ ಪದ್ಧತಿ ಇಲ್ಲ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ತಂಬೂರಿ ಪದದಲ್ಲಿಯೂ ಇದೇ ಕ್ರಮ. ಈ ಕಲಾವಿದರೂ ಕಂಪನಿ ಇಲ್ಲದವರು, ಕ್ಯಾಸೆಟ್ಟಿನ ಹಂಗಿಲ್ಲದೆ ಹಾಡಿದವರು, ಕರೆದಲ್ಲಿಗೆ ಹೋಗಿ ಭಿಕ್ಷೆ, ಹರಕೆಯಿಂದ ಬದುಕಿದವರು. 'ಇಂಡಿ' ಎಂಬ ಪದ ಬರುವುದಕ್ಕೆ ಎಷ್ಟೋ ತಲೆಮಾರು ಮುಂಚೆ.

ವಿದ್ವಾಂಸರು ಈ ಹಾಡಿಕೆಯ ಬೆಲೆಯನ್ನು ಬೇಗ ಅರಿತರು. ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ 'ಮಲೆಯ ಮಾದೇಶ್ವರ' 1973ರಲ್ಲಿಯೇ ಪುಸ್ತಕವಾಗಿ ಬಂತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು, ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ಟರು ಇಂಗ್ಲಿಷಿಗೆ ತಂದರು, ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು. ಪುಸ್ತಕದಲ್ಲಿ ಹಾಡಿದವರ ಹೆಸರು ಇದೆ ಎಂಬುದು ನಮಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕಾರಣ ಮುಂದೆ ಹೇಳುತ್ತೇವೆ.

ಆದರೆ ಇರುಳಿನ ಹಾಡಿಗೆ ಇರುಳು ಬೇಕು. ನಮ್ಮ ಮಲೆಗೆ ಒಂದು ಕಾಲದಲ್ಲಿ ಇರುಳೇ ಇಲ್ಲದಂತಾಗಿತ್ತು. ವೀರಪ್ಪನ್ ಮತ್ತು ಅವನನ್ನು ಹುಡುಕುವ ಎರಡು ರಾಜ್ಯಗಳ ಕಾರ್ಯಪಡೆ, ಇವುಗಳ ನಡುವೆ ಹಳ್ಳಿಯವರು ಸಿಕ್ಕಿಕೊಂಡಿದ್ದ ವರ್ಷಗಳವು. 2000ದ ಜುಲೈ 30ರ ರಾತ್ರಿ ದೊಡ್ಡ ಗಾಜನೂರಿನ ಮನೆಯಿಂದಲೇ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಲಾಯಿತು. 108 ದಿನಗಳ ನಂತರ ಬಿಡುಗಡೆ. ಕನ್ನಡದ ಕಣ್ಮಣಿ ಹುಟ್ಟಿದ ನೆಲ ಎಂಬ ಹೆಸರಿಗಿಂತ ಆ ಹೆಸರೇ ದೊಡ್ಡದಾಯಿತು. ಕತ್ತಲಾದ ಮೇಲೆ ನಾಲ್ಕು ಜನ ಗುಂಪು ಸೇರಿದರೆ ಯಾರು, ಏಕೆ ಎಂಬ ಪ್ರಶ್ನೆ ಏಳುವ ಕಾಲದಲ್ಲಿ ಬೆಳಗಿನವರೆಗೆ ಕಂಸಾಳೆ ಬಾರಿಸುವವರು ಯಾರು? 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತ. ಇರುಳು ಹಿಂತಿರುಗಿತು. ಅಷ್ಟರಲ್ಲಿ ಮನೆ ಮನೆಗೆ ಟಿ.ವಿ. ಬಂದಿತ್ತು, ಕೈಗೆ ಮೊಬೈಲ್ ಬಂತು. ಮುಮ್ಮೇಳದ ಹಿರಿಯರು ಉಳಿದಿದ್ದರು, ಸೊಲ್ಲು ಹಿಡಿಯುವ ಹುಡುಗರು ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಹೊರಟಿದ್ದರು.

ಅದೇ ಹೊತ್ತಿಗೆ ಮಾದಪ್ಪ ಇನ್ನೊಂದು ದಾರಿಯಲ್ಲಿ ಮಲೆಗೆ ಬಂದ ಎನ್ನಬೇಕು. 2008ರಲ್ಲಿ 'ಸೈಕೋ' ಎಂಬ ಕನ್ನಡ ಸಿನಿಮಾಕ್ಕೆ ಸಂಗೀತ ನೀಡಿದವರು ಇದೇ ರಘು ದೀಕ್ಷಿತ್. ಸಿನಿಮಾಕ್ಕಿಂತ ಹೆಚ್ಚು ಜನರ ಬಾಯಲ್ಲಿ ನಿಂತದ್ದು ಅದರಲ್ಲಿದ್ದ ಮಾದೇಶ್ವರನ ಹಾಡು. ಸಾಹಿತ್ಯ ಸಿನಿಮಾದ್ದೇ, ದೇವರಗುಡ್ಡರ ಸಾಲಿನದಲ್ಲ. ಪೂಜೆಗೆ ಬಂದ ಪ್ರೇಮಿಯ ಮಾತು. ಕೆಲವು ಹಿರಿಯರಿಗೆ ಅದು ಹಿಡಿಸಲಿಲ್ಲ, ದೇವರನ್ನು ಪ್ರೇಮದ ವ್ಯವಹಾರಕ್ಕೆ ಎಳೆದರೆಂದು ಬೇಸರ. ನಮಗೆ ಅಷ್ಟು ಬೇಸರವಿಲ್ಲ. ಚಾಮರಾಜನಗರದಿಂದ ತಾಳವಾಡಿಗೆ ಬರುವ ಬಸ್ಸಿನಲ್ಲಿ ಆ ಹಾಡು ಮೊಳಗುವಾಗ ಹಿಂದಿನ ಸೀಟಿನ ಹುಡುಗರು ಮಾದಪ್ಪನ ಹೆಸರು ಹಿಡಿದು ಕೂಗುತ್ತಿದ್ದುದನ್ನು ಕೇಳಿದ್ದೇವೆ. ಕಂಸಾಳೆಗೆ ತಿರುಗಿ ನೋಡದ ಹುಡುಗರೇ ಅವರು.

ಆಮೇಲೆ ಬಂದದ್ದು 'ಸೋಜುಗಾದ ಸೂಜುಮಲ್ಲಿಗೆ'. ಇದು ಮಾದಪ್ಪನ ಜನಪದ ಹಾಡೇ. ಅನನ್ಯ ಭಟ್ ಅವರು ಕೊಯಮತ್ತೂರಿನ ಈಶಾ ಕೇಂದ್ರದ ಮಹಾಶಿವರಾತ್ರಿಯಲ್ಲಿ ಇದನ್ನು ಹಾಡಿದಾಗ ತಮಿಳುನಾಡಿನ ನೆಲದಲ್ಲಿ, ದೇಶ ವಿದೇಶದ ಜನರ ಎದುರು, ನಮ್ಮ ಮಲೆಯ ದೇವರ ಹಾಡು ಕನ್ನಡದಲ್ಲಿ ಮೊಳಗಿತು. 2021ರಲ್ಲಿ 'ಗರುಡ ಗಮನ ವೃಷಭ ವಾಹನ' ಸಿನಿಮಾದಲ್ಲಿಯೂ ಬಂತು. ಅಂದು ನಮ್ಮ ತಮಿಳು ಮಾಧ್ಯಮದ ಸಹೋದ್ಯೋಗಿಗಳು ಈ ಹಾಡಿನ ಅರ್ಥ ಕೇಳಿಕೊಂಡು ನಮ್ಮ ಮಕ್ಕಳ ಬಳಿ ಬಂದರು. ಕನ್ನಡ ಗೊತ್ತಿದ್ದದ್ದಕ್ಕೆ ಬೆಲೆ ಬಂದ ದಿನ ಅದು. ತಮಿಳಿನಲ್ಲಿಯೂ ಇಂಥ ಎಚ್ಚರ ನಡೆದಿದೆ. 2018ರ ಜನವರಿಯಲ್ಲಿ ಚೆನ್ನೈನಲ್ಲಿ ಮೊದಲ ಕಾರ್ಯಕ್ರಮ ಕೊಟ್ಟ 'ಕಾಸ್ಟ್‌ಲೆಸ್ ಕಲೆಕ್ಟಿವ್' ತಂಡವು ಸಾವಿನ ಮನೆಯಲ್ಲಿ ಹಾಡುತ್ತಿದ್ದ ಗಾನಾ ಹಾಡನ್ನು ಗಿಟಾರಿನ ಜೊತೆ ದೊಡ್ಡ ವೇದಿಕೆಗೆ ತಂದಿತು. ನಮ್ಮ ಮಕ್ಕಳು ಎರಡನ್ನೂ ಕೇಳಿ ಅರ್ಥ ಮಾಡಿಕೊಳ್ಳಬಲ್ಲರು. ಎರಡು ಭಾಷೆಯ ಗಡಿಯಲ್ಲಿ ಇರುವುದರ ಲಾಭ ಇದು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ತಕರಾರನ್ನೂ ಹೇಳಬೇಕು. ಷರೀಫರ ಹಾಡು ಹಾಡಿದರೆ ಷರೀಫರ ಹೆಸರು ಬರುತ್ತದೆ. ರಘು ದೀಕ್ಷಿತರು ಪ್ರತಿ ವೇದಿಕೆಯಲ್ಲಿಯೂ ಆ ಅಜ್ಜನ ಕಥೆ ಹೇಳಿಯೇ ಹಾಡಿದರು, ಅದು ಅವರ ದೊಡ್ಡತನ. ಆದರೆ ದೇವರಗುಡ್ಡರ ಹಾಡು ಸಿನಿಮಾಕ್ಕೆ, ಯೂಟ್ಯೂಬಿಗೆ ಹೋದಾಗ ಹೆಸರಿನ ಜಾಗದಲ್ಲಿ 'ಜನಪದ' ಎಂಬ ಒಂದೇ ಪದ ಇರುತ್ತದೆ. ಜನಪದ ಎಂದರೆ ಯಾರು? ಯಾರೋ ಒಬ್ಬ ಮುಮ್ಮೇಳದವನು ಅದನ್ನು ತನ್ನ ಗುರುವಿನಿಂದ ಕಲಿತು, ಐವತ್ತು ವರ್ಷ ಗಂಟಲಿನಲ್ಲಿ ಕಾಪಾಡಿ, ಯಾರದೋ ರೆಕಾರ್ಡರಿನ ಮುಂದೆ ಹಾಡಿದ್ದರಿಂದ ತಾನೇ ಅದು ಈ ಕಡೆಗೆ ಬಂದದ್ದು? ಹಾಡು ಕೋಟಿ ಜನಕ್ಕೆ ಮುಟ್ಟಿದಾಗ ಅವನಿಗೆ ಒಂದು ಶಾಲು ಸಹ ಬರುವುದಿಲ್ಲ. ಗಿಟಾರು ಹಿಡಿದವರ ಮೇಲೆ ಇದನ್ನು ಹೊರಿಸುವುದು ಸರಿಯಲ್ಲ. ಹೆಸರು ಬರೆದಿಟ್ಟುಕೊಳ್ಳದ ನಮ್ಮೆಲ್ಲರ ಅಭ್ಯಾಸವೇ ಇದಕ್ಕೆ ಮೂಲ. ಹೆಬ್ಬಣಿ ಮಾದಯ್ಯನವರ ಹೆಸರು ಪುಸ್ತಕದಲ್ಲಿ ಇರುವುದನ್ನು ಮುಖ್ಯ ಎಂದದ್ದು ಇದಕ್ಕೇ.

ಇನ್ನೊಂದು ಮಾತು. ಗಿಟಾರಿನ ತಂಡಕ್ಕೆ ಒಂದು ಹಾಡಿಗೆ ಐದು ನಿಮಿಷ ಸಾಕು, ಸಂಕಮ್ಮನ ಸಾಲಿಗೆ ಒಂದು ರಾತ್ರಿ ಬೇಕು. ಐದು ನಿಮಿಷದ ಹಾಡು ಕೇಳಿ ಕುಣಿದ ಮಗು ಇಡೀ ರಾತ್ರಿಯ ಹಾಡಿಗೆ ಕೂರುತ್ತದೆಂದು ನಾವು ಭ್ರಮೆ ಇಟ್ಟುಕೊಂಡಿಲ್ಲ. ಆದರೆ ನಮ್ಮ ಶಾಲೆಗಳ ಕನ್ನಡ ಪೀರಿಯಡ್ಡಿನಲ್ಲಿ ಮೊದಲು ಗುಡುಗುಡಿಯ ಹಾಡಿನ ದೃಶ್ಯ ತೋರಿಸಿ, ಎಡಗಡೆ ಬಲಗಡೆ ಎಂದು ತರಗತಿಯನ್ನು ಎರಡು ಮಾಡಿ ಹಾಡಿಸಿ, ಆಮೇಲೆ ಊರಿನ ದೇವರಗುಡ್ಡರೊಬ್ಬರನ್ನು ಕರೆಸಿ ಒಂದೇ ಒಂದು ಸಾಲಿನ ಆರಂಭವನ್ನು ಹಾಡಿಸಿದಾಗ ಮಕ್ಕಳು ಸೊಲ್ಲು ಹಿಡಿದರು. ಹೇಳಿಕೊಡಬೇಕಾಗಲಿಲ್ಲ, ಆ ವಿದ್ಯೆ ಆಗಲೇ ಬಂದಿತ್ತು. ಹಾಡಿದ ತಾತನಿಗೂ ಆಶ್ಚರ್ಯ. "ಇವ್ಕೆ ಯಾರಪ್ಪ ಕಲ್ಸುದ್ರು?" ಎಂದು ನಮ್ಮನ್ನೇ ಕೇಳಿದರು.

ಎಂಟನೆಯ ತರಗತಿಯವರು ಈಗ ಒಂದು ನೋಟ್ ಪುಸ್ತಕ ಇಟ್ಟಿದ್ದಾರೆ. ಅದರಲ್ಲಿ ನಾಲ್ಕು ಕಲಂ. ಹಾಡುವವರ ಹೆಸರು, ಊರು, ಯಾರಿಂದ ಕಲಿತರು, ಯಾವ ಸಾಲು ಪೂರ್ತಿ ಬರುತ್ತದೆ. ಹಾಡುವವರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ ಬರೆಯುವುದು, ಮೊಬೈಲಿನಲ್ಲಿ ಧ್ವನಿ ಹಿಡಿದರೆ ಮೊದಲು ಅವರ ಹೆಸರನ್ನು ಅವರ ಬಾಯಿಂದಲೇ ಹೇಳಿಸುವುದು ಎಂದು ಮಕ್ಕಳೇ ನಿಯಮ ಮಾಡಿಕೊಂಡಿದ್ದಾರೆ. ಹಾಸನೂರು, ಗೇರ್‌ಮಾಳ, ತಲಮಲೆ ಕಡೆಯ ಶಾಲೆಗಳ ಶಿಕ್ಷಕ ಮಿತ್ರರು ತಮ್ಮಲ್ಲಿಯೂ ಇಂಥದೊಂದು ಪುಸ್ತಕ ಇಡಬೇಕೆಂದು ಕೋರುತ್ತೇವೆ. ಸೋಲಿಗ, ಊರಾಳಿ ಪೋಡುಗಳ ಮಕ್ಕಳಿಂದ ಅವರ ಹಾಡುಗಾರರ ಹೆಸರೂ ಬರಲಿ. ಬರುವ ಶಿವರಾತ್ರಿಯ ಒಳಗೆ ಎಲ್ಲ ಪಟ್ಟಿಗಳನ್ನು ಒಂದೆಡೆ ಸೇರಿಸಿ ಪ್ರತಿ ಶಾಲೆಗೆ ಒಂದು ಪ್ರತಿ ತೆಗೆದಿಡುವ ಯೋಚನೆ ಇದೆ.